ಮಡಕೆ ಮಾವ ಒಬ್ಬರೇ ಬಾರಿಸಿದ ದಿನ

ಮೊದಲು ಒಂದು ವಿಷಯ ಇತ್ಯರ್ಥವಾಗಲಿ. ಹೋದ ವಾರ ನಾನು ಈ ಗ್ರೂಪಿನಲ್ಲಿ ಮಾತಾಡಿ ಕಳಿಸಿದ ಕತೆ ಕೇಳಿ ನಿಮ್ಮಲ್ಲೊಬ್ಬರು, "ಅಜ್ಜನಿಗೆ ಅರಳುಮರಳು, ಇಲ್ಲದ್ದೆಲ್ಲ ಸೇರಿಸ್ತಾರೆ" ಎಂದು ಬರೆದು, ಆಮೇಲೆ ಅಳಿಸಿದಿರಿ. ಅಳಿಸಿದರೆ ನನಗೆ ಗೊತ್ತಾಗುವುದಿಲ್ಲ ಅಂದುಕೊಂಡಿರಾ? ನಿಮಗೆ ನಿಮ್ಮ ಹೆಂಡತಿಯ ಫೋನ್ ನಂಬರೇ ಬಾಯಿಗೆ ಬರುವುದಿಲ್ಲ. ನಾನು ನಲವತ್ತು ವರ್ಷ ಬೀದಿ ಮೂಲೆಯಲ್ಲಿ ಸೈಕಲ್ ಅಂಗಡಿ ಇಟ್ಟವನು. ಯಾರ ಟ್ಯೂಬಿಗೆ ಎಲ್ಲೆಲ್ಲಿ ತೇಪೆ ಹಾಕಿದ್ದೇನೆಂದು ಈಗಲೂ ಹೇಳಬಲ್ಲೆ. ಆದ್ದರಿಂದ ಬಾಯಿ ಮುಚ್ಚಿ, ಕಿವಿ ತೆರೆದು ಕೇಳಿ. ಇವತ್ತು ಹೇಳುವುದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ಉಳಿದ ನಾಲ್ಕು ಹಲ್ಲೂ ಉದುರಿಹೋಗಲಿ.

ಇದು ಮಡಕೆ ಮಾವನ ಕತೆ, ಅರ್ಧ ಸ್ವರದಿಂದ ಶುರುವಾದ ರಾದ್ಧಾಂತ.

ಮಾವನಿಗೆ ನೀರಿನ ಇಲಾಖೆಯಲ್ಲಿ ಮೀಟರ್ ಓದುವ ಕೆಲಸ. ಸೈಕಲ್ ಮೇಲೆ ಮನೆಯಿಂದ ಮನೆಗೆ ಹೋಗಿ, ಅಂಗಳದ ಮೂಲೆಯಲ್ಲಿ ಬಗ್ಗಿ, ಮೀಟರಿನ ಮುಚ್ಚಳ ಎತ್ತಿ, ಒಳಗಿದ್ದ ಜೇಡನ ಯೋಗಕ್ಷೇಮ ವಿಚಾರಿಸಿ, ಅಂಕಿ ಬರೆದುಕೊಂಡು ಬರುವುದು. ಅದು ಹೊಟ್ಟೆಪಾಡು. ಜೀವದ ಪಾಡು ಘಟ. ಯಾರೇ ಹಾಡಲಿ, ಯಾರೇ ಪಿಟೀಲು ಕುಯ್ಯಲಿ, ಅವರ ಹಿಂದೆ ಮಡಕೆಯನ್ನು ಮಗುವಿನ ಹಾಗೆ ಮಡಿಲಲ್ಲಿ ಇಟ್ಟುಕೊಂಡು ಬಾರಿಸುತ್ತಿದ್ದರು. ಕೈ ಬಹಳ ಚೆನ್ನಾಗಿತ್ತು. ಆದರೆ ಒಂದು ಸಲವಾದರೂ ಯಾರೂ ತಿರುಗಿ ನೋಡಿ, ಈಗ ನೀವೊಬ್ಬರೇ ಬಾರಿಸಿ ಅಂದವರಿಲ್ಲ. ಸಂಗೀತ ಕಚೇರಿಯಲ್ಲಿ ಮಾವ ಅಂದರೆ ಬಸ್ಸಿನ ಸ್ಟೆಪ್ನಿ ಚಕ್ರದ ಹಾಗೆ. ಇರಲೇಬೇಕು, ಕಣ್ಣಿಗೆ ಬೀಳಬಾರದು.

ಅವರ ಹೆಂಡತಿಯನ್ನು ಬೀದಿಯವರೆಲ್ಲ ಅತ್ತೆ ಅನ್ನುತ್ತಿದ್ದೆವು. ಮದುವೆಯಾದ ಹೊಸತರಲ್ಲಿ ಅತ್ತೆ ಒಂದೇ ಒಂದು ಕಚೇರಿಗೆ ಹೋಗಿದ್ದರು. ಅವತ್ತು ಮುಂದೆ ಕೂತ ಹಾಡುಗಾರರು ಬೀರುವಿನಷ್ಟು ಅಗಲ. ಅವರ ಪಕ್ಕದಿಂದ ಎರಡೂವರೆ ಗಂಟೆ ಗಂಡನ ಬಲ ಮೊಣಕೈ ಮಾತ್ರ ಬಂದು ಹೋಗುತ್ತಿತ್ತಂತೆ. ಮನೆಗೆ ಬರುವ ದಾರಿಯಲ್ಲಿ ಅತ್ತೆ ಹೇಳಿದರು, "ನಿಮ್ಮ ಮೊಣಕೈ ನೋಡೋಕೆ ಅಷ್ಟು ದೂರ ಯಾಕ್ರೀ ಹೋಗ್ಬೇಕು, ಅದು ಮನೇಲೇ ಇದೆಯಲ್ಲ. ನೀವೊಬ್ರೇ ಬಾರಿಸೋ ದಿನ ಹೇಳಿ, ಬರ್ತೀನಿ."

ತಮಾಷೆಗೆ ಅಂದ ಮಾತು. ಆದರೆ ಅತ್ತೆ ತಮಾಷೆಗೆ ಆಡಿದ ಮಾತಿಗೂ ತಪ್ಪುವವರಲ್ಲ. ಮೂವತ್ತೊಂದು ವರ್ಷ ಮತ್ತೆ ಹೋಗಲಿಲ್ಲ. ಮಾವ ಪ್ರತಿ ಸಲ ಹೊರಡುವಾಗಲೂ ಬಾಗಿಲಲ್ಲಿ ನಿಂತು ಒಂದು ನಿಮಿಷ ಚಪ್ಪಲಿ ಹುಡುಕುವ ಹಾಗೆ ಮಾಡುತ್ತಿದ್ದರು. ಚಪ್ಪಲಿ ಕಾಲಲ್ಲೇ ಇರುತ್ತಿತ್ತು. ಅತ್ತೆ ಒಳಗಿಂದಲೇ, "ಬೇಗ ಬನ್ನಿ, ಊಟ ತಣ್ಣಗಾಗುತ್ತೆ" ಅನ್ನುತ್ತಿದ್ದರು. ಮಾವ ಹೋಗುತ್ತಿದ್ದರು. ಇದು ಮೂವತ್ತೊಂದು ವರ್ಷ.

ಹೀಗಿರುವಾಗ ನಮ್ಮ ಊರಿನ ಸಂಗೀತ ಕ್ಲಬ್ಬಿಗೆ ಕಡಲಾಚೆಯಿಂದ ಒಂದು ಜಾಜ್ ತಂಡ ಬರುವುದೆಂದಾಯಿತು. ಮೂರೇ ಜನ. ಒಬ್ಬ ಆಳೆತ್ತರದ ಪಿಟೀಲನ್ನು ಅಪ್ಪಿಕೊಂಡು ಬೆರಳಲ್ಲಿ ಮೀಟುವವನು, ಒಬ್ಬ ಡ್ರಮ್ ಬಡಿಯುವವನು, ಇವರಿಬ್ಬರ ಯಜಮಾನರು ಸ್ಯಾಕ್ಸೊಫೋನ್ ಊದುವ ಒಬ್ಬ ಮುದುಕರು. ನಾವು ಅವರಿಗೆ ಸ್ಯಾಕ್ಸ್ ತಾತ ಅಂತ ಹೆಸರಿಟ್ಟೆವು. ಹೋದ ಹೋದ ಊರಿನಲ್ಲಿ ಅಲ್ಲಿನ ವಾದ್ಯದವರೊಬ್ಬರನ್ನು ಜೊತೆಗೆ ಕೂರಿಸಿಕೊಂಡು ನುಡಿಸುವುದು ಅವರ ಪದ್ಧತಿ. ಒಂದು ಕಡೆ ಮರದ ಪೆಟ್ಟಿಗೆ ತಟ್ಟುವವರಂತೆ, ಇನ್ನೊಂದು ಕಡೆ ಕುದುರೆ ಬಾಲದ ಕೂದಲನ್ನೇ ತಂತಿ ಮಾಡಿ ನುಡಿಸುವವರಂತೆ. ನಮ್ಮಲ್ಲಿ ಘಟ ಕೇಳಿದರು. ಕೊನೆಯ ತುಣುಕಿನ ನಡುವೆ ನಾಲ್ಕು ನಿಮಿಷ ಘಟದವರು ಒಬ್ಬರೇ ಬಾರಿಸಬೇಕು ಎಂದು ಪತ್ರದಲ್ಲಿ ಸ್ಪಷ್ಟವಾಗಿ ಬರೆದಿತ್ತು.

ಕ್ಲಬ್ಬಿನವರು ಕೊಟ್ಟ ಆ ಪತ್ರವನ್ನು ಮಾವ ಅಡುಗೆಮನೆ ಬಾಗಿಲಲ್ಲಿ ನಿಂತು ಓದಿದರು. ಅತ್ತೆ ಈರುಳ್ಳಿ ಹೆಚ್ಚುತ್ತಿದ್ದರು.

"ನಾಲ್ಕು ನಿಮಿಷಾನಾ?"

"ನಾಲ್ಕು."

ಅತ್ತೆ ಈರುಳ್ಳಿ ಪಕ್ಕಕ್ಕಿಟ್ಟು ಕಣ್ಣೊರೆಸಿಕೊಂಡರು. ಈರುಳ್ಳಿಗೋ, ಇನ್ನೇತಕ್ಕೋ, ಮಾವನಿಗೆ ತಿಳಿಯಲಿಲ್ಲ. "ನಾಲ್ಕು ನಿಮಿಷಕ್ಕೆ ಯಾವ ಬಟ್ಟೆ ಹಾಕ್ಕೊಂಡು ಬರೋದು" ಎಂದು ಕೇಳಿದರು. ಆ ಒಂದು ಪ್ರಶ್ನೆ ಕೇಳಿಸಿಕೊಳ್ಳುವುದಕ್ಕೆ ಮನುಷ್ಯ ಮೂವತ್ತೊಂದು ವರ್ಷ ಕಾದಿದ್ದರು. ಆ ಸಂಜೆ ನನ್ನ ಅಂಗಡಿಗೆ ಬಂದು, ಗಾಳಿ ತುಂಬಿದ್ದ ಚಕ್ರಕ್ಕೇ ಮತ್ತೆ ಗಾಳಿ ಹೊಡೆಸಿಕೊಂಡು ಹೋದರು.

ಕಾರ್ಯಕ್ರಮ ಶನಿವಾರ ಸಂಜೆ ಐದಕ್ಕೆ. ಬೆಳಗ್ಗೆ ಎಂಟಕ್ಕೆ ಕ್ಲಬ್ಬಿನ ಹಾಲ್‌ನಲ್ಲಿ ಒಂದು ಸುತ್ತು ರಿಹರ್ಸಲ್. ಮಡಕೆಯನ್ನು ನನ್ನ ಸೈಕಲ್ಲಿನ ಕ್ಯಾರಿಯರ್‌ಗೆ ಹಳೇ ಟ್ಯೂಬು ಸುತ್ತಿ ಕಟ್ಟಿಕೊಂಡು ಹೋದವನು ನಾನೇ, ಆದ್ದರಿಂದ ಎಲ್ಲ ಕಣ್ಣಾರೆ ಕಂಡದ್ದು. ಸ್ಯಾಕ್ಸ್ ತಾತ ಊದಿದರು. ಮಾವ ತಟ್ಟಿದರು. ಇಬ್ಬರೂ ನಿಲ್ಲಿಸಿ ಮುಖ ಮುಖ ನೋಡಿಕೊಂಡರು. ಮಾವನ ಮಡಕೆ ಅರ್ಧ ಸ್ವರ ತಗ್ಗಿತ್ತು.

ತಂತಿಯ ವಾದ್ಯವಾದರೆ ಕಿವಿ ಹಿಂಡಿದರಾಯಿತು. ಮಡಕೆಗೆ ಕಿವಿ ಎಲ್ಲಿದೆ? ಒಳಗೆ ಅರಗೋ ಮೇಣವೋ ಮೆತ್ತಿ ಸ್ವರ ಇಳಿಸಬಹುದು, ಏರಿಸುವುದಕ್ಕಾಗದು. ಪರವಾಗಿಲ್ಲ, ಇದ್ದ ಹಾಗೇ ನುಡಿಸೋಣ ಎಂದು ಸ್ಯಾಕ್ಸ್ ತಾತ ಅಂದರಂತೆ. ಅವರ ಮಾತನ್ನು ನಮಗೆ, ನಮ್ಮ ಮಾತನ್ನು ಅವರಿಗೆ ದಾಟಿಸುತ್ತಿದ್ದವರು ಕ್ಲಬ್ಬಿನ ಕಾರ್ಯದರ್ಶಿ. ಮಾವ ಮಾತ್ರ ಒಪ್ಪಲಿಲ್ಲ. ಮೂವತ್ತೊಂದು ವರ್ಷ ಕಾಯಿಸಿದ ಹೆಂಡತಿಯ ಮುಂದೆ ಶ್ರುತಿ ತಪ್ಪಿ ಕೂರುವುದೇ? ಅದಕ್ಕಿಂತ ಹೋಗಿ ಮೀಟರ್ ಗುಂಡಿಗೆ ಬೀಳುವುದು ಮೇಲು. ತಾತ ಸ್ವರ ತೋರಿಸುವ ಬೆರಳುದ್ದದ ಒಂದು ಪೀಪಿಯನ್ನು ಜೇಬಿನಿಂದ ತೆಗೆದು ಕೊಟ್ಟರು. ಈ ಸ್ವರದ ಮಡಕೆ ಸಿಕ್ಕರೆ ತನ್ನಿ, ಸಿಗದಿದ್ದರೆ ನೀವು ಬನ್ನಿ, ಅಷ್ಟು ಸಾಕು ಎಂದರು. ಒಳ್ಳೆಯ ಮನುಷ್ಯ.

ಅಂದು ಮಾವನಿಗೆ ರಜೆಯಿಲ್ಲ. ಅರ್ಧ ದಿನದ ಡ್ಯೂಟಿ, ಅದೂ ನಮ್ಮದೇ ಬೀದಿಯ ಮೀಟರ್‌ಗಳು. ಒಂದು ರೀತಿಯಲ್ಲಿ ಅನುಕೂಲವೇ ಆಯಿತು. ನಾನೂ ಅಂಗಡಿಗೆ ಬೀಗ ಹಾಕಿ ಜೊತೆಗೆ ಹೊರಟೆ. ಮೀಟರ್ ನೋಡುವುದು, ಅಂಕಿ ಬರೆಯುವುದು, ಆಮೇಲೆ ಮೆಲ್ಲಗೆ, "ಅಮ್ಮಾ, ನಿಮ್ಮನೇಲಿ ಮಣ್ಣಿನ ಮಡಕೆ ಏನಾದ್ರೂ ಇದೆಯಾ" ಎಂದು ಕೇಳುವುದು. ತಂದರೆ ಪೀಪಿ ಊದಿ ಒಂದು ಪೀ, ಬೆರಳಿಂದ ಮಡಕೆಗೆ ಒಂದು ಠಣ್. ಕಿವಿಯನ್ನು ಮಡಕೆಗೆ ಒತ್ತಿ, ಕಣ್ಣು ಮುಚ್ಚಿ, ವೈದ್ಯರು ಎದೆ ಪರೀಕ್ಷೆ ಮಾಡಿದ ಹಾಗೆ ಕೇಳುವುದು. ತಲೆಯಾಡಿಸಿ ಮುಂದಿನ ಮನೆಗೆ ಹೋಗುವುದು. ಮರೆವಿಗೆ ಹೆದರಿ ಯಾವ ಮಡಕೆ ಹೇಗಿದೆಯೆಂದು ಕೈಲಿದ್ದ ಪುಸ್ತಕದಲ್ಲೇ ಗೀಚಿದರು. ಮೀಟರಿನ ಸ್ಥಿತಿ ಎಂಬ ಕಾಲಮ್ಮಿನಲ್ಲಿ ಒಂದು ಮನೆಗೆ, "ಕಾಲು ಸ್ವರ ಇಳಿದಿದೆ", ಇನ್ನೊಂದು ಮನೆಗೆ, "ಹೊಟ್ಟೆ ದಪ್ಪ, ಕಂಠ ಸರಿಯಿಲ್ಲ". ಆ ಕಂಠ ಸರಿಯಿಲ್ಲದ ಮನೆ ನನ್ನದು.

ಆರನೇ ಮನೆ ದರ್ಜಿಯದು. ಅವನ ಹೆಂಡತಿ ನೀರಿನ ಮಡಕೆ ಬರಿದು ಮಾಡಿ ತಂದಿಟ್ಟಳು. ಪೀ. ಠಣ್. ಮಾವ ಕಣ್ಣರಳಿಸಿದರು. ಅದೇ ಸ್ವರ, ಒಂದು ಕೂದಲೆಳೆ ಅತ್ತಿತ್ತ ಇಲ್ಲ. ಖಾತ್ರಿಗೆ ಇನ್ನೊಂದು ಸಲ ಅಂಗೈಯಲ್ಲಿ ಸರಿಯಾಗಿ ತಟ್ಟಿದರು. ನೀರಿಗೆ ಮಾಡಿದ ತೆಳು ಮಡಕೆ, ಪಾಪ, ಸರಿಯಾದ ಸ್ವರ ಕೊಟ್ಟು ಪ್ರಾಣ ಬಿಟ್ಟಿತು. ಚೂರುಗಳ ನಡುವೆ ನಿಂತು ಮಾವ, ಎಷ್ಟು ಚೆನ್ನಾಗಿತ್ತಮ್ಮ ನಿಮ್ಮ ಮಡಕೆ ಎಂದರು. ದರ್ಜಿಯ ಹೆಂಡತಿಗೆ ಅದು ಸಾಂತ್ವನ ಅನಿಸಲಿಲ್ಲ.

ಅವಳು ಕಾಂಪೌಂಡಿನ ಮೇಲಿಂದ ಪಕ್ಕದ ಮನೆಗೆ ವಿಷಯ ಮುಟ್ಟಿಸಿದಳು. ಪಕ್ಕದ ಮನೆಯಿಂದ ಅದು ಎದುರು ಮನೆಗೆ ಹೋಗುವಷ್ಟರಲ್ಲಿ ಮೈ ಕೈ ತುಂಬಿಕೊಂಡಿತ್ತು. ನೀರಿನ ಇಲಾಖೆಯವರು ಮಡಕೆಗಳ ಪರೀಕ್ಷೆ ಮಾಡುತ್ತಿದ್ದಾರಂತೆ. ಸರಿಯಾಗಿ ನುಡಿಯದ ಮಡಕೆಯನ್ನು ಅಲ್ಲೇ ಒಡೆಯುತ್ತಾರಂತೆ. ಮೂಲೆ ಮನೆ ಮುಟ್ಟುವ ಹೊತ್ತಿಗೆ ನಲ್ಲಿಯನ್ನೂ ಕತ್ತರಿಸುತ್ತಾರೆ ಎಂದಾಗಿತ್ತು.

ಬೆರಳು ಜಾರಿ ಅರ್ಧಕ್ಕೇ ಹೋಯಿತು. ಈ ಗುಂಡಿಯನ್ನು ಒತ್ತಿ ಹಿಡಿದೇ ಇರಬೇಕಂತೆ, ಎಂಬತ್ತರ ಮೇಲಿನ ಹೆಬ್ಬೆರಳಿಗೆ ಇದೇನು ಶಿಕ್ಷೆಯೋ. ಇರಲಿ, ಎಲ್ಲಿದ್ದೆ? ನೋಡಿ, ನೀವು ಹೇಳುವ ಮೊದಲೇ ನೆನಪಾಯಿತು. ನಲ್ಲಿ.

ಹನ್ನೊಂದು ಗಂಟೆಗೆ ಇಡೀ ಬೀದಿ ಹೊರಗೆ. ಕೇಳುವ ಮೊದಲೇ ಮಡಕೆ ಹಿಡಿದು ಸಾಲು ನಿಂತಿದ್ದಾರೆ. ಮಣ್ಣಿನದ್ದು ಇಲ್ಲದವರು ಹಿತ್ತಾಳೆಯದ್ದು ತಂದರು. ಅದೂ ಇಲ್ಲದವನೊಬ್ಬ ಪ್ಲಾಸ್ಟಿಕ್ ಬಕೆಟ್ ತಂದು, ಇದನ್ನೂ ಒಂದು ಸಲ ನೋಡಿಬಿಡಿ ಎಂದು ಕೈಮುಗಿದ. ಮಾವ ಎಷ್ಟು ಮೆತ್ತನೆಯ ಮನುಷ್ಯರೆಂದರೆ ಅದಕ್ಕೂ ಒಂದು ಪೀ ಊದಿ ತಟ್ಟಿ ನೋಡಿದರು. ಯಾರೋ ಇಲಾಖೆಗೆ ದೂರು ಕೊಟ್ಟರು. ಸೂಪರ್‌ವೈಸರ್ ಸ್ಕೂಟರ್ ಮೇಲೆ ಧಾವಿಸಿ ಬಂದರು. ಸಾಲು ನೋಡಿದರು, ಪೀಪಿ ನೋಡಿದರು, ಮಾವನ ಪುಸ್ತಕ ತೆಗೆದು ಎರಡು ಪುಟ ಓದಿದರು.

"ಏನ್ರೀ ಇದು, ಮೂರನೇ ನಂಬರ್ ಮನೆ ಮೀಟರಿಗೆ ಕಂಠ ಯಾವಾಗ ಬಂತು?"

ಮಾವ ಸುಳ್ಳು ಹೇಳಲಾರದವರು. ಹೆಂಡತಿಯ ಮಾತಿನಿಂದ ಹಿಡಿದು ಅರ್ಧ ಸ್ವರದ ತನಕ ಎಲ್ಲವನ್ನೂ ನಡುಬೀದಿಯಲ್ಲಿ ನಿಂತು ಹೇಳಿಬಿಟ್ಟರು. ಸೂಪರ್‌ವೈಸರ್ ಕನ್ನಡಕ ತೆಗೆದು ಒರೆಸಿಕೊಂಡರು. ಇಲಾಖೆಗೆ ವರದಿ ಬರೆಯಬೇಕಾಗುತ್ತದೆ ಎಂದರು. ಆಮೇಲೆ ದನಿ ತಗ್ಗಿಸಿ, ಮನೆಯಲ್ಲಿ ತಮ್ಮ ತಾಯಿಯ ಕಾಲದ್ದೊಂದು ಮಡಕೆ ಇದೆ, ತರಲೇ ಎಂದು ಕೇಳಿದರು.

ಅಲ್ಲಿಂದ ಶುರುವಾದದ್ದು ಬೇರೆಯೇ ತಾಪತ್ರಯ. ನಲ್ಲಿಯ ಭಯ ಹೋಯಿತು, ಮಾನದ ಪ್ರಶ್ನೆ ಬಂತು. ಈಗ ಎಲ್ಲರಿಗೂ ತಮ್ಮ ಮಡಕೆಯೇ ವೇದಿಕೆ ಹತ್ತಬೇಕು. ತಿರಸ್ಕಾರವಾದ ಮಡಕೆಯವರು, ಪಕ್ಕದ ಮನೆಯದ್ದರಲ್ಲಿ ಇಲ್ಲದ ದೋಷ ನಮ್ಮದರಲ್ಲಿ ಏನು ಕಂಡಿರಿ ಎಂದು ಜಗಳಕ್ಕೇ ಬಂದರು. ಅತ್ತಿಗೆ ನಾದಿನಿಯರಿಬ್ಬರು ಅವತ್ತು ಬಿಟ್ಟ ಮಾತು ಮತ್ತೆ ಶುರುಮಾಡಿದ್ದು ಮೊಮ್ಮಗಳ ಮದುವೆಯಲ್ಲಿ. ಒಂದು ಗಂಟೆಯ ಹೊತ್ತಿಗೆ ಬೀದಿಯ ಅಷ್ಟೂ ಮಡಕೆ ಮುಗಿದಿತ್ತು, ಒಂದೂ ಆಗಿರಲಿಲ್ಲ. ಉಳಿದದ್ದು ಒಂದೇ ಮನೆ. ಹೆಡ್ ಮಿಸ್ ಮನೆ.

ಹೆಡ್ ಮಿಸ್ ನಮ್ಮ ಬೀದಿಯ ಮೂರು ತಲೆಮಾರಿನ ಕಿವಿ ಹಿಂಡಿದವರು. ನಿವೃತ್ತಿಯಾಗಿ ಇಪ್ಪತ್ತು ವರ್ಷವಾದರೂ ಅವರ ಗೇಟಿನ ಮುಂದೆ ಹಾದುಹೋಗುವಾಗ ನಾನು ಸೈಕಲ್ಲಿನಿಂದ ಇಳಿದು ನಡೆಯುತ್ತಿದ್ದೆ. ಅವರ ಬಾಗಿಲ ಪಕ್ಕ ಕುಳ್ಳಗೆ, ದಪ್ಪಗೆ, ಕಪ್ಪಗೆ ಒಂದು ಮಡಕೆ. ಅದರಲ್ಲಿ ಮೂರು ಛತ್ರಿ ನಿಲ್ಲಿಸಿದ್ದರು. ಮಾವ ಛತ್ರಿಗಳನ್ನು ಹೊರಗೆ ತೆಗೆದು, ಪೀ ಊದಿ, ಠಣ್ ಅನ್ನಿಸಿದರು. ಕೂದಲೆಳೆಯಷ್ಟು ಏರಿತ್ತು. ಏರಿದ್ದನ್ನು ಇಳಿಸಬಹುದು, ಒಂದು ಚಿಟಿಕೆ ಮೇಣ ಸಾಕು. ಮೈಯೂ ಗಟ್ಟಿ, ಎರಡು ಕೈಯಲ್ಲಿ ಬಡಿದರೂ ಜಗ್ಗಲಿಲ್ಲ. ನಾನೂ ಮಾವನೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡೆವು.

"ಏನೋ, ನನ್ನ ಛತ್ರಿಗಳನ್ನ ನಿನ್ನ ತಲೆ ಮೇಲೆ ನಿಲ್ಲಿಸ್ಲಾ?"

ಹೆಡ್ ಮಿಸ್ ಬಾಗಿಲಲ್ಲಿ ನಿಂತಿದ್ದರು. ಐವತ್ತಾರು ವರ್ಷದ ಮಾವ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡರು, ತಾವಾಗಿಯೇ. ನಾನೇ ಎಲ್ಲ ಬಿಡಿಸಿ ಹೇಳಿದೆ. ಮಿಸ್ ಮಾವನ ಕಡೆ ತಿರುಗಿದರು. ನೀನು ಕ್ಲಾಸಿನಲ್ಲೂ ಬೆಂಚು ಕುಟ್ಟುತ್ತಿದ್ದೆ, ಎಷ್ಟು ಸಲ ಹೊರಗೆ ನಿಲ್ಲಿಸಿದ್ದೇನೋ ಏನೋ ಎಂದರು. ಆಮೇಲೆ ಒಂದೇ ಶರತ್ತು ಹಾಕಿದರು. ಮಡಕೆ ಹೋದ ಮೇಲೆ ಛತ್ರಿಗಳು ಮನೆಯಲ್ಲಿ ಅನಾಥವಾಗಿ ಬಿದ್ದಿರುವುದು ಅವರಿಗೆ ಸೇರದು. ಮಡಕೆಯ ಜೊತೆ ಛತ್ರಿಗಳೂ ಬರುತ್ತವೆ, ಛತ್ರಿಗಳ ಜೊತೆ ಅವರೂ ಬರುತ್ತಾರೆ.

ಬೇಡ ಅನ್ನುವ ಎದೆ ಯಾರಿಗಿತ್ತು?

ಸಂಜೆ ಹಾಲ್‌ನ ಬಾಗಿಲು ತೆರೆದಾಗ ಕಾರ್ಯದರ್ಶಿಗಳಿಗೆ ತಲೆ ತಿರುಗಿತು. ನೂರು ಕುರ್ಚಿ. ಎಂದೂ ನಲವತ್ತು ತುಂಬಿದ್ದಿಲ್ಲ. ಅವತ್ತು ಇಡೀ ಬೀದಿ ಬಂದಿತ್ತು. ಗೆದ್ದ ಮಡಕೆ ಯಾವುದೆಂದು ನೋಡಬೇಡವೇ? ಸೋತ ಮಡಕೆಯವರಲ್ಲಿ ಐದಾರು ಜನ ತಮ್ಮ ಮಡಕೆಯನ್ನೂ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದರು, ಎಡವಟ್ಟಾದರೆ ಕೈಗೆ ಸಿಗಲಿ ಎಂದು. ಮೂರನೇ ಸಾಲಿನ ನಡುವಿನ ಕುರ್ಚಿಗೆ ಮಾವ ಮಧ್ಯಾಹ್ನವೇ ತಮ್ಮ ಕರ್ಚೀಫು ಕಟ್ಟಿ ಹೋಗಿದ್ದರು. ಅತ್ತೆಯ ಜಾಗ. ಆಮೇಲೆ ನೇರವಾಗಿ ವೇದಿಕೆಯ ಹಿಂದೆ ಹೋಗಿ ಮಡಕೆಯ ಒಳಗೆ ಮೇಣ ಮೆತ್ತುತ್ತಾ ಕೂತರು. ನಾನು ಪಕ್ಕದಲ್ಲಿ ಮೇಣ ಬಿಸಿ ಮಾಡುತ್ತಿದ್ದೆ.

ಆಗಲೇ ಸ್ಯಾಕ್ಸ್ ತಾತ ಬಂದು ಮಾವನ ಹೆಗಲ ಮೇಲೆ ಕೈಯಿಟ್ಟು ಏನೋ ಹೇಳಿದ್ದು. ಕಾರ್ಯದರ್ಶಿ ಸರಿಯಾಗಿಯೇ ದಾಟಿಸಿದರು. ನಿಮಗೆ ಯಾವಾಗ ಮನಸ್ಸಾಗುತ್ತದೋ ಆಗ ಬನ್ನಿ, ನೀವು ಬರುವ ತನಕ ನಾನು ಜಾಗ ಹಿಡಿದಿರುತ್ತೇನೆ, ನೀವು ಬಂದ ತಕ್ಷಣ ಬಿಟ್ಟುಕೊಡುತ್ತೇನೆ ಎಂದು. ಆ ತಾತನ ತಂಡದಲ್ಲಿ ಅದೇ ಮರ್ಯಾದೆ. ಬರುವವನು ಬರುವ ಮೊದಲೇ ನುಡಿಸುವವನು ನಿಲ್ಲಿಸಿದರೆ, ಅತಿಥಿಯನ್ನು ಕರೆದು ಬಾಗಿಲಲ್ಲಿ ಬಿಟ್ಟುಹೋದ ಹಾಗೆ. ಮಾವ ಕೈಮುಗಿದು, "ಛೆ ಛೆ, ಹಿರಿಯರು ಪೂರ್ತಿ ಮುಗಿಸ್ಲಿ, ಆಮೇಲೇ ನಾನು" ಎಂದರು. ನಮ್ಮ ಕಡೆಯ ಮರ್ಯಾದೆ ಇದು. ದೊಡ್ಡವರು ಮುಗಿಸಿ ಕೈ ತೋರಿಸದೆ ಚಿಕ್ಕವನು ಶುರುಮಾಡಿದರೆ, ಅವರ ತಟ್ಟೆಗೆ ಕೈ ಹಾಕಿದ ಹಾಗೆ. ಕಾರ್ಯದರ್ಶಿಗೆ ಹೊರಗೆ ಕುರ್ಚಿಯ ಗಲಾಟೆ ಕೇಳಿಸುತ್ತಿತ್ತು. ಮಾವನ ಮಾತು ಬರೀ ಉಪಚಾರ ಅಂದುಕೊಂಡು ದಾಟಿಸದೆ ಓಡಿದರು.

ಮೊದಲ ಮೂರು ತುಣುಕು ಸೊಗಸಾಗಿ ಹೋದವು. ಸ್ಯಾಕ್ಸಿನ ಆ ದಪ್ಪ ದನಿಯ ಕೆಳಗೆ ಛತ್ರಿ ಮಡಕೆ ಎಷ್ಟು ಹದವಾಗಿ ನುಡಿಯಿತೆಂದರೆ, ಹಳೇ ಸೋಫಾಕ್ಕೆ ಹೊಸ ಸ್ಪ್ರಿಂಗು ಹಾಕಿದ ಹಾಗೆ. ದೀಪ ಕಣ್ಣಿಗೆ ಹೊಡೆಯುತ್ತಿದ್ದುದರಿಂದ ಮಾವನಿಗೆ ಹಾಲ್ ಪೂರ್ತಿ ಕತ್ತಲು. ಆದರೂ ಮೂರನೇ ಸಾಲಿನ ಕಡೆಗೆ ನೋಡಿ ಒಂದೊಂದು ಸಲ ಮುಗುಳ್ನಗುತ್ತಿದ್ದರು. ಪರದೆ ಪಕ್ಕದಲ್ಲಿದ್ದ ನನಗೆ ಅದು ಕಾಣುತ್ತಿತ್ತು.

ಐದೂ ಮುಕ್ಕಾಲಿಗೆ ಕೊನೆಯ ತುಣುಕು. ಸ್ಯಾಕ್ಸ್ ತಾತ ಐದು ನಿಮಿಷ ಊದಿ, ಹುಬ್ಬೆತ್ತಿ ಮಾವನ ಕಡೆ ನೋಡಿದರು, ಬರುತ್ತೀಯಾ ಎಂದು. ಮಾವ ವಿನಯವಾಗಿ ತಲೆಬಾಗಿದರು, ನೀವು ಮುಗಿಸಿ ಎಂದು. ಇನ್ನೂ ಮನಸ್ಸಾಗಿಲ್ಲ ಅಂದುಕೊಂಡು ತಾತ ಮುಂದುವರಿಸಿದರು. ಅಯ್ಯೋ, ಹಿರಿಯರಿಗೆ ಇನ್ನೂ ಹೇಳುವುದಿದೆ ಅಂದುಕೊಂಡು ಮಾವ ಕಾದರು. ಅವರಿಗೆ ತೊಡಕಾಗಬಾರದೆಂದು ಕೈಚಳಕವನ್ನೆಲ್ಲ ಕಟ್ಟಿಟ್ಟು ಒಂದೇ ಸಾದಾ ನಡೆ ಹಿಡಿದರು. ತಕ ದಿಮಿ, ತಕ ದಿಮಿ, ಅಷ್ಟೇ.

ಹತ್ತು ನಿಮಿಷ. ಹದಿನೈದು. ತಾತ ತಮಗೆ ಬರುವುದನ್ನೆಲ್ಲ ಊದಿ ಮುಗಿಸಿ, ಬಾರದ್ದಕ್ಕೆ ಕೈ ಹಾಕಿದರು. ಮುಖ ಟೊಮೇಟೊ ಆಯಿತು. ಇಪ್ಪತ್ತೈದನೇ ನಿಮಿಷಕ್ಕೆ ಡ್ರಮ್‌ನವನ ಕೋಲು ಮುರಿಯಿತು. ಆಳೆತ್ತರದ ಪಿಟೀಲಿನವನು ಪಿಟೀಲನ್ನು ಅಪ್ಪಿಕೊಂಡಿದ್ದನೋ, ಪಿಟೀಲೇ ಅವನನ್ನು ಹಿಡಿದುಕೊಂಡಿತ್ತೋ ಹೇಳುವುದು ಕಷ್ಟ. ಎಪ್ಪತ್ತು ದಾಟಿದ ಮುದುಕರು ಏದುಸಿರು ಬಿಡುವುದನ್ನು ನೋಡಿ ಮಾವನಿಗೆ ಕರುಳು ಚುರ್ ಅಂದಿತು. ಅವರಿಗೆ ಸರಾಗವಾಗಲಿ ಎಂದು ಇನ್ನೂ ಮೆತ್ತಗೆ, ಇನ್ನೂ ಸಮನಾಗಿ ತಟ್ಟಿದರು. ಮಡಕೆ ಮೆತ್ತಗಾಯಿತು, ಅಂದರೆ ಈಗ ಬರುತ್ತಾನೆ ಅಂದುಕೊಂಡು ತಾತ ಅವನಿಗೆ ಹುರುಪು ಬರಲೆಂದು ಇನ್ನೂ ಜೋರಾಗಿ ಊದಿದರು. ಹೀಗೆ ಇಬ್ಬರೂ ಒಬ್ಬರನ್ನೊಬ್ಬರು, ನೀವು ಮೊದಲು, ನೀವು ಮೊದಲು ಎಂದು ಬಾಗಿಲಲ್ಲೇ ನಿಂತರು. ಹಾಲ್‌ನಲ್ಲಿ ಒಬ್ಬರೂ ಮಿಸುಕಲಿಲ್ಲ. ಜಾಜ್ ಅಂದರೆ ಹೀಗೇ ಇರುತ್ತದೆ ಅಂದುಕೊಂಡಿದ್ದರು.

ಆರೂವರೆಗೆ ಆ ಹಾಲ್ ಟೇಬಲ್ ಟೆನ್ನಿಸ್ ಆಡುವವರಿಗೆ. ಕಾವಲುಗಾರ ಗಡಿಯಾರ ನೋಡಿ, ಪರದೆಯ ಹಗ್ಗ ಬಿಟ್ಟ. ಪರದೆ ಬಿತ್ತು, ಆಟ ಮುಗಿಯಿತು.

ಸ್ಯಾಕ್ಸ್ ತಾತ ಕುರ್ಚಿಯ ಮೇಲೆ ಕುಸಿದು, ಉಸಿರು ಬಂದ ಮೇಲೆ ಕಾರ್ಯದರ್ಶಿಯ ಮೂಲಕ ಕೇಳಿದರು, ನಿಮಗಾಗಿ ಇಷ್ಟು ಹೊತ್ತು ಕಾದೆ, ಯಾಕೆ ಬರಲೇ ಇಲ್ಲ ಎಂದು. ಮಾವ, ನಿಮಗಾಗಿ ನಾನೂ ಕಾದೆ ಎಂದರು. ಆಮೇಲೆ ತಾತ ಕಣ್ಣಲ್ಲಿ ನೀರು ಬರುವ ತನಕ ನಕ್ಕು ಮಾವನನ್ನು ಅಪ್ಪಿಕೊಂಡರು. ಮಾವನೂ ನಕ್ಕರು, ಆದರೆ ಆ ನಗು ತುಟಿಯಿಂದ ಮೇಲೆ ಹತ್ತಲಿಲ್ಲ. ನಾಲ್ಕು ನಿಮಿಷ ಹೋಗಿತ್ತು. ಪರದೆಯ ಸಂದಿಯಿಂದ ಮೂರನೇ ಸಾಲು ನೋಡಿದರು. ಕರ್ಚೀಫು ಕಟ್ಟಿದ ಕುರ್ಚಿಯ ಮೇಲೆ ಮೂರು ಛತ್ರಿ ಮಲಗಿದ್ದವು. ಪಕ್ಕದಲ್ಲಿ ಹೆಡ್ ಮಿಸ್. ಅತ್ತೆ ಇರಲಿಲ್ಲ.

ಮಾವ ವೇದಿಕೆಯಿಂದ ಇಳಿದು ಹಾಲ್‌ನ ನಡುವೆ ನಿಂತುಬಿಟ್ಟರು. ಜನ ಬೆನ್ನು ತಟ್ಟಿ ಹೋಗುತ್ತಿದ್ದರು, ಗೊತ್ತಾಗುತ್ತಿರಲಿಲ್ಲ. ನಾನೇ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದೆ.

ಹೊರಗಿನ ಪಡಸಾಲೆಯ ಬೆಂಚಿನ ಮೇಲೆ, ಸ್ಪೀಕರಿನ ಕೆಳಗೆ, ಅತ್ತೆ ಕೂತಿದ್ದರು. ಪೆಟ್ಟಿಗೆಯ ತಳದಿಂದ ತೆಗೆದ ಒಳ್ಳೆಯ ಬಟ್ಟೆ, ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ. ಬರುವುದು ಹತ್ತು ನಿಮಿಷ ತಡವಾಗಿ, ಕುರ್ಚಿಯ ಮೇಲೆ ಛತ್ರಿ ಇದೆಯೆಂದು ಬಾಗಿಲಲ್ಲೇ ಕಾವಲುಗಾರನಿಂದ ತಿಳಿದು, ಎಬ್ಬಿಸಿ ಗಲಾಟೆ ಮಾಡುವುದು ಬೇಡವೆಂದು ಹೊರಗೇ ಕೂತು ಕೇಳಿದ್ದರು. ಮಾವನ ಎರಡೂ ಕೈ ಎಳೆದುಕೊಂಡು ಬೆರಳು ಒಂದೊಂದಾಗಿ ಒತ್ತಿದರು.

"ಎಷ್ಟು ಕೆಂಪಾಗಿದೆ ನೋಡಿ. ನಾಲ್ಕು ನಿಮಿಷ ಅಂತ ಸುಳ್ಳು ಹೇಳಿದ್ರಲ್ಲ. ಒಬ್ರೇ, ಪೂರ್ತಿ ಒಂದೂಕಾಲು ಗಂಟೆ."

ಮಾವ ಕಣ್ಣು ಪಿಳಿಪಿಳಿ ಬಿಟ್ಟರು. ಅಷ್ಟರಲ್ಲಿ ಮೈಕಿನವನು ವೈರು ಸುತ್ತುತ್ತಾ ಬಂದು, ಹೊರಗೆ ಸರಿಯಾಗಿ ಕೇಳಿಸಿತಾ ಅಣ್ಣ ಎಂದು ನನ್ನನ್ನು ಕೇಳಿದ. ಅವನು ನನಗೆ ಹೇಳಿದ್ದು ಮಾವನ ಕಿವಿಗೂ ಬಿತ್ತು. ಆ ಸ್ಯಾಕ್ಸಿಗೂ ಡ್ರಮ್ಮಿಗೂ ಮೈಕ್ ಕೊಟ್ಟರೆ ಹಾಲ್‌ನ ಹೆಂಚು ಹಾರಿಹೋಗುತ್ತದೆ, ಅದಕ್ಕೆ ಮಡಕೆಗೆ ಮಾತ್ರ ಮೈಕ್ ಇಟ್ಟಿದ್ದೆ, ಹೊರಗಿನ ಸ್ಪೀಕರಿಗೂ ಅದೇ ವೈರು. ನಡುವೆ ಹಾಲ್‌ನ ದಪ್ಪ ಬಾಗಿಲು ಮುಚ್ಚಿತ್ತು. ಅತ್ತೆಗೆ ಒಳಗಿನ ಊದಾಟ ದೂರದ ಬಸ್ಸಿನ ಹಾರನ್ನಿನಷ್ಟು. ಕೇಳಿಸಿದ್ದು ಮಡಕೆಯೊಂದೇ.

ಮಾವ ನನ್ನನ್ನು ನೋಡಿದರು. ನಾನು ಮಾವನನ್ನು ನೋಡಿದೆ. ಮಾವನ ಮುಖ ಮೂವತ್ತೊಂದು ವರ್ಷ ಹಿಂದಕ್ಕೆ ಹೋಯಿತು. ಹಾಗೆಂದು ಸುಳ್ಳು ಅವರಿಗೆ ಆಗದು. ನಿಜ ಹೇಳುವುದಕ್ಕೆಂದೇ ಬಾಯಿ ತೆರೆದರು. ಅತ್ತೆ ಮೊದಲು ಮಾತಾಡಿದರು.

"ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬಾರದು."

"ಹೇಳು."

"ಒಬ್ರೇ ಬಾರಿಸೋದು ನಿಮಗೆ ಒಗ್ಗಲ್ಲ ಕಣ್ರೀ."

ಮಾವ ಬಾಯಿ ತೆರೆದುಕೊಂಡೇ ಇದ್ದರು.

"ಮೊದಮೊದಲು ಚೆನ್ನಾಗಿತ್ತು. ಆಮೇಲೆ ಅದೇ, ಅದೇ. ಯಾರೂ ಇಲ್ಲದ ಮನೇಲಿ ನಲ್ಲಿ ತೊಟ್ಟಿಕ್ಕಿದ ಹಾಗೆ. ಕೇಳ್ತಾ ಕೇಳ್ತಾ ನಂಗೇ ಸಂಕಟ ಆಯ್ತು. ಏನೋ ಒಂದು ಮಾತಾಡಿ ಇಷ್ಟು ವರ್ಷ ನಿಮ್ಮನ್ನ ಇದಕ್ಕೆ ಹಂಬಲಿಸೋ ಹಾಗೆ ಮಾಡಿಬಿಟ್ನಲ್ಲ ಅಂತ. ನಿಮ್ಮ ಕೈಗೆ ಜೊತೆ ಬೇಕು. ಇನ್ಮೇಲೆ ನೀವು ಯಾರ ಹಿಂದೆ ಕೂತ್ರೂ ಬರ್ತೀನಿ, ಎಲ್ಲಿದ್ರೂ ಬರ್ತೀನಿ. ಒಬ್ರೇ ಮಾತ್ರ ಬೇಡ."

ಈಗ ನೀವೇ ಹೇಳಿ, ಆ ಮನುಷ್ಯ ಏನು ಮಾಡಬೇಕು? ನಾನು ಒಬ್ಬನೇ ಬಾರಿಸಲಿಲ್ಲ ಎಂದರೆ ಹಳೇ ಮಾತಿನ ಪ್ರಕಾರ ಅತ್ತೆ ಮತ್ತೆ ಮನೆಯಲ್ಲೇ. ಸುಮ್ಮನಿದ್ದರೆ, ಜಗತ್ತಿನಲ್ಲಿ ಯಾರು ಮೆಚ್ಚಬೇಕೆಂದು ಆಸೆಯಿತ್ತೋ ಅವರ ಕಣ್ಣಲ್ಲಿ, ಎಂದೂ ಬಾರಿಸದ ಒಂಟಿ ವಾದನಕ್ಕೆ ಫೇಲು. ಮಾವ ಬಾಯಿ ಮುಚ್ಚಿದರು. ನನ್ನ ಕಡೆ ಒಂದು ನೋಟ ಬಿಟ್ಟರು, ನಾನೂ ಮುಚ್ಚಿದೆ. ಗಂಡ ಹೆಂಡತಿ ಕೈ ಹಿಡಿದುಕೊಂಡು ಮೆಟ್ಟಿಲಿಳಿದು ಹೋದರು. ಮಡಕೆ ಹೊತ್ತವನು ನಾನು.

ಅತ್ತೆ ಅಂದ ಹಾಗೆಯೇ ನಡೆದುಕೊಂಡರು. ಅಂದಿನಿಂದ ಒಂದು ಕಚೇರಿಯನ್ನೂ ಬಿಡಲಿಲ್ಲ.

ಮರುವರ್ಷ ಸ್ಯಾಕ್ಸ್ ತಾತ ಮತ್ತೆ ಬಂದರು. ನಮ್ಮ ಮರ್ಯಾದೆ ಏನೆಂದು ಈ ಸಲ ಕಲಿತುಕೊಂಡೇ ಬಂದಿದ್ದರು. ಕೊನೆಯ ತುಣುಕಿನ ನಡುವೆ ಊದುವುದನ್ನು ಪೂರ್ತಿ ನಿಲ್ಲಿಸಿ, ಸ್ಯಾಕ್ಸನ್ನು ಕೆಳಗಿಟ್ಟು, ಮಾವನ ಕಡೆಗೆ ಎರಡೂ ಕೈ ಚಾಚಿದರು. ಡ್ರಮ್ ನಿಂತಿತು, ಪಿಟೀಲು ನಿಂತಿತು. ಮಾವ ಮಡಕೆಯ ಮೇಲೆ ಕೈಯೆತ್ತಿದರು. ಎತ್ತಿ, ಎದುರು ಸಾಲಿನ ಕಡೆ ನೋಡಿದರು. ಅಲ್ಲಿ ಕೂತ ಅತ್ತೆ, ಜ್ವರ ಬಂದ ಮಗು ಅಂಗಳಕ್ಕಿಳಿಯುವಾಗ ತಾಯಿ ನೋಡುವ ಹಾಗೆ ನೋಡುತ್ತಾ, ಯಾರಿಗೂ ಕಾಣದ ಹಾಗೆ ಮೆಲ್ಲಗೆ ತಲೆಯಾಡಿಸಿದರು, ಬೇಡ ಎಂದು. ಮಾವ ಎತ್ತಿದ ಕೈ ಇಳಿಸಿ, ತಾತನಿಗೆ ನಮಸ್ಕಾರ ಮಾಡಿ, ನೀವೇ ಮುಂದುವರಿಸಿ ಎಂದು ಸನ್ನೆ ಮಾಡಿದರು. ಇಂಥ ವಿನಯವನ್ನು ಯಾವ ದೇಶದಲ್ಲೂ ಕಂಡಿಲ್ಲ ಎಂದು ತಾತ ಮೈಕಿನಲ್ಲೇ ಹೇಳಿದರು. ಹಾಲ್ ಚಪ್ಪಾಳೆ ತಟ್ಟಿತು. ಅತ್ತೆ ಎಲ್ಲರಿಗಿಂತ ಜೋರಾಗಿ ತಟ್ಟಿದರು.

ಒಬ್ಬರೇ ಬಾರಿಸಿದ್ದರೆ ಹೇಗಿರುತ್ತಿತ್ತು ಎಂದು ಕೇಳಬೇಡಿ, ನನಗೂ ಗೊತ್ತಿಲ್ಲ. ಮಾವ ಹೋಗಿ ಹನ್ನೆರಡು ವರ್ಷವಾಯಿತು. ಬಾಯಿ ಮುಚ್ಚಿಕೊಂಡಿರು ಅಂದವರೇ ಇಲ್ಲದ ಮೇಲೆ, ನಾನೂ ಹೋಗುವ ಮೊದಲು ಇದು ಯಾರ ಕಿವಿಗಾದರೂ ಬೀಳಲಿ ಎಂದು ಹೇಳಿದೆ. ಗೊತ್ತಿದ್ದವರಿಗೆಲ್ಲ ಕಳಿಸಿ, ಗೊತ್ತಿಲ್ಲದವರಿಗೂ ಕಳಿಸಿ. ಅತ್ತೆಗೆ ಈಗ ಎಂಬತ್ತೆಂಟು, ಕಿವಿ ಇನ್ನೂ ಚುರುಕು, ಮೊಮ್ಮಕ್ಕಳು ಫೋನ್ ಹಿಡಿದು ಕೇಳಿಸುತ್ತಾರೆ. ಆ ಮನೆಯವರಿಗೆ ಮಾತ್ರ ಕಳಿಸಬೇಡಿ.